ಟ್ರ್ಯಾಕಿನ ಕಾರು, ಧಾರವಾಡದ ದಾರಿ: ದಿನವೂ ಓಡಿಸಲು ಹನ್ನೆರಡು ಸೂತ್ರಗಳು

ನಮ್ಮ ಭಾಗದಲ್ಲಿ ರೇಸ್ ಟ್ರ್ಯಾಕ್ ಇಲ್ಲ. ಕಾರನ್ನು ಮನಸಾರೆ ಓಡಿಸಬೇಕೆಂದರೆ ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯಂನಲ್ಲಿರುವ ಕಾರಿ ಮೋಟರ್ ಸ್ಪೀಡ್‌ವೇಗೆ ಹೋಗಬೇಕು, ಇಲ್ಲವೇ ಚೆನ್ನೈ ಹೊರಗಿನ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ. ಕಾರಿ ಟ್ರ್ಯಾಕಿನ ಒಂದು ಸುತ್ತು 2.1 ಕಿ.ಮೀ. ದಿನವಿಡೀ ಐವತ್ತು ಸುತ್ತು ಹೊಡೆದರೂ 105 ಕಿ.ಮೀ. ಆದೀತು. ಹುಬ್ಬಳ್ಳಿಯಿಂದ ಅಲ್ಲಿಗೆ ಹೋಗುವುದಕ್ಕೇ ಅದರ ಹಲವು ಪಟ್ಟು ಓಡಿಸಬೇಕು. ಅಂದಮೇಲೆ ಇಲ್ಲಿನ ಟ್ರ್ಯಾಕ್ ಕಾರು ತನ್ನ ಆಯುಷ್ಯದ ಬಹುಪಾಲನ್ನು ರಸ್ತೆಯಲ್ಲೇ ಕಳೆಯುತ್ತದೆ. ಆ ರಸ್ತೆಗೆ ಅದನ್ನು ಹೊಂದಿಸುವುದೂ ಅಷ್ಟೇ ದೊಡ್ಡ ವಿದ್ಯೆ ಎಂದು ನಾನು ನಂಬಿದ್ದೇನೆ.

ನನ್ನದು ಪೋಲೊ. ಹಿಂದಿನ ಮಾಲೀಕರು ಅದನ್ನು ಪೂರ್ತಿ ಟ್ರ್ಯಾಕಿಗೆಂದೇ ಸಜ್ಜು ಮಾಡಿಸಿದ್ದರು. ಮೊದಲ ದಿನ ಅವ್ವನನ್ನು ಕೂರಿಸಿಕೊಂಡು ಜುಬಿಲಿ ಸರ್ಕಲ್ಲಿನಿಂದ ಹೊರಟೆ. ಟೋಲ್ ನಾಕಾ ದಾಟುವಷ್ಟರಲ್ಲಿ ಅವಳು ಸೊಂಟ ಹಿಡಿದುಕೊಂಡು, "ತಮ್ಮಾ, ನನ್ನ ಇಲ್ಲೇ ಇಳಿಸು. ನಾ ಚಿಗರಿ ಬಸ್ಸಿನ್ಯಾಗ ಬರ್ತೇನಿ" ಅಂದಳು. ಅವತ್ತಿನಿಂದ ಒಂದು ವರ್ಷ ಮಾಡಿದ ಕೆಲಸದ ಸಾರ ಇದು.

1. ಸ್ಪ್ಯಾನರ್ ಹಿಡಿಯುವ ಮೊದಲು ಪೆನ್ನು ಹಿಡಿಯಿರಿ. ಒಂದು ವಾರ ನಿಮ್ಮ ಮಾಮೂಲಿ ದಾರಿಯಲ್ಲೇ ಓಡಾಡಿ, ಎಲ್ಲಿ ಏನು ತೊಂದರೆ ಎಂದು ಬರೆದಿಡಿ. ನವಲೂರು ಹತ್ತಿರ ತಳ ತಾಗಿತು, ಉಣಕಲ್ ಬಳಿ ಬ್ರೇಕು ಕಿರುಗುಟ್ಟಿತು, ಹೊಸೂರು ಸರ್ಕಲ್ಲಿನಲ್ಲಿ ಎಂಜಿನ್ ಬಿಸಿಯಾಯಿತು, ಹೀಗೆ. "ಕಾರು ಬಿರುಸು" ಎಂದಷ್ಟೇ ಹೇಳಿದರೆ ಯಾವ ಮೆಕ್ಯಾನಿಕ್ಕಿಗೂ ಏನೂ ತಿಳಿಯುವುದಿಲ್ಲ.

2. ಮೊದಲು ಹವಾ ನೋಡಿ. ಖರ್ಚಿಲ್ಲದ ಕೆಲಸ, ಆದರೂ ಎಲ್ಲರೂ ಮರೆಯುವುದು ಇದನ್ನೇ. ಟೈರು ಬಿಸಿಯಾದಂತೆ ಒತ್ತಡ ಏರುತ್ತದೆ, ಹತ್ತು ಡಿಗ್ರಿಗೆ ಸುಮಾರು ಒಂದೂವರೆ–ಎರಡು ಪಿಎಸ್‌ಐ. ಆ ಲೆಕ್ಕದಲ್ಲೇ ಟ್ರ್ಯಾಕಿನಲ್ಲಿ ಕಡಿಮೆ ಹವಾ ಹಾಕಿ ಇಳಿಯುತ್ತಾರೆ. ಅದೇ ಹವಾ ಇಟ್ಟುಕೊಂಡು ಊರಲ್ಲಿ ಓಡಾಡಿದರೆ ತಗ್ಗಿಗೆ ಬಿದ್ದಾಗ ರಿಮ್ ಬಾಗುತ್ತದೆ. ತೀರಾ ಹೆಚ್ಚು ತುಂಬಿಸಿದರೆ ಸಣ್ಣ ಕಲ್ಲೂ ಬೆನ್ನಿಗೆ ಬಡಿಯುತ್ತದೆ. ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದ ಸಂಖ್ಯೆಯಿಂದಲೇ ಶುರು ಮಾಡಿ. ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ, ನಿಮ್ಮದೇ ಗೇಜಿನಲ್ಲಿ ನೋಡಿ.

3. ಟೈರಿನ ಗೋಡೆ ಎತ್ತರಿಸಿ. ಇಡೀ ಪಟ್ಟಿಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸುಖ ಕೊಟ್ಟದ್ದು ಇದು. ನನ್ನ ಕಾರಿನಲ್ಲಿ 215/40 ಆರ್ 17 ಟೈರುಗಳಿದ್ದವು. ಲೆಕ್ಕ ಹಾಕಿ: 215ರ ಶೇ 40 ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರು 86 ಮಿ.ಮೀ. ಕಂಪನಿ ಅಳತೆಯ 185/60 ಆರ್ 15 ಹಾಕಿದರೆ ಅದು 111 ಮಿ.ಮೀ. ಆಗುತ್ತದೆ. ಹೊರಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಪ್ರತಿ ಚಕ್ರಕ್ಕೂ 25 ಮಿ.ಮೀ. ಹೆಚ್ಚಿನ ಮೆತ್ತೆ ಸಿಕ್ಕಂತಾಯಿತು, ಚಕ್ರವೂ ಹಗುರಾಯಿತು. ಹಗುರವಾದ ಚಕ್ರ ಉಬ್ಬು ಹತ್ತಿ ಇಳಿದು ಬೇಗ ನೆಲ ಹಿಡಿಯುತ್ತದೆ. ದೊಡ್ಡ ಬ್ರೇಕ್ ಹಾಕಿಸಿದ್ದರೆ ಮಾತ್ರ ಸಣ್ಣ ರಿಮ್ ಕೂರುತ್ತದೋ ಇಲ್ಲವೋ ಮೊದಲೇ ಅಳೆಯಿರಿ.

ಇನ್ನು ಸೆಮಿ–ಸ್ಲಿಕ್ ಟೈರಿನ ಮಾತು. ಜೂನ್ ಬರುವ ಮೊದಲೇ ಬಿಚ್ಚಿಡಿ. ಧಾರವಾಡದ ಮಳೆ ಮಲೆನಾಡಿನ ಅಂಚಿನ ಮಳೆ, ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಆಳವಿಲ್ಲದ ಗೀರುಗಳಿರುವ ಈ ಟೈರು ನೀರನ್ನು ಹೊರಗೆ ತಳ್ಳಲಾರದೆ ಅದರ ಮೇಲೆಯೇ ತೇಲುತ್ತದೆ. ಕಾನೂನಿನ ಕನಿಷ್ಠ ಆಳ 1.6 ಮಿ.ಮೀ.; ಮಳೆಗಾಲಕ್ಕೆ ಅದರ ಎರಡು ಪಟ್ಟಾದರೂ ಇರಲಿ ಎಂಬುದು ನನ್ನ ನಿಯಮ.

4. ಹಂಪನ್ನು ಅಳೆದು ಕಾರಿನ ಎತ್ತರ ನಿರ್ಧರಿಸಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, ಅಂದರೆ ಹಾಯಾಗಿ ಹತ್ತಿ ಇಳಿಯುವ ದಿಬ್ಬ. ನಮ್ಮ ಓಣಿಯ ಹಂಪಿನ ಮೇಲೆ ಹಲಗೆ ಇಟ್ಟು ಟೇಪು ಹಿಡಿದೆ: 14 ಸೆಂ.ಮೀ. ಎತ್ತರ, ಅಗಲ ಒಂದು ಮೀಟರೂ ಇಲ್ಲ. ನನ್ನ ಕಾರಿನ ತಳಕ್ಕೂ ನೆಲಕ್ಕೂ ಇದ್ದ ಅಂತರ 12 ಸೆಂ.ಮೀ. ಯಾಕೆ ತಾಗುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಎತ್ತರ ಹೊಂದಿಸಬಲ್ಲ ಕಾಯಿಲ್‌ಓವರ್ ಸ್ಪ್ರಿಂಗ್–ಶಾಕ್ ಇದ್ದರೆ ಎತ್ತರಿಸುವುದು ಅರ್ಧ ದಿನದ ಕೆಲಸ. ನಾನು 30 ಮಿ.ಮೀ. ಎತ್ತಿಸಿದೆ. ಮುಂದಿನ ಬಂಪರಿನ ಕೆಳಗೆ ಚಾಚಿದ್ದ ಸ್ಪ್ಲಿಟರ್ ಬಿಚ್ಚಿದೆ, ಎಂಜಿನ್ ಕೆಳಗೆ ಲೋಹದ ಗಾರ್ಡ್ ಹಾಕಿಸಿದೆ. ಪೋರ್ಶೆ ಕಂಪನಿಯೇ ತನ್ನ 911 ಜಿಟಿ3 ಕಾರಿಗೆ ಗುಂಡಿ ಒತ್ತಿದರೆ ಮೂತಿ ಎತ್ತುವ ವ್ಯವಸ್ಥೆ ಕೊಡುತ್ತದೆ. ನಮ್ಮಲ್ಲಿ ಟಾಟಾ ಮತ್ತು ಕೊಯಮತ್ತೂರಿನ ಜೇಯೆಮ್ ಆಟೊಮೋಟಿವ್ಸ್ ಸೇರಿ 2018ರಲ್ಲಿ ತಂದ ಟಿಯಾಗೊ ಜೆಟಿಪಿಯನ್ನು ಕೆಲವೇ ಮಿಲಿಮೀಟರ್ ತಗ್ಗಿಸಿದ್ದರು. ನಮ್ಮ ರಸ್ತೆ ಬಲ್ಲವರ ಕೆಲಸ ಅದು.

5. ಶಾಕಿನ ದಂಡಕ್ಕೆ ಒಂದು ಪ್ಲಾಸ್ಟಿಕ್ ಟ್ಯಾಗ್ ಕಟ್ಟಿ. ವೈರು ಕಟ್ಟುವ ಸಾದಾ ಟ್ಯಾಗ್, ಎರಡು ರೂಪಾಯಿಯದು. ಶಾಕ್‌ಅಬ್ಸಾರ್ಬರಿನ ಹೊಳೆಯುವ ದಂಡಕ್ಕೆ ಸುತ್ತಿ, ಕೆಳಕ್ಕೆ ತಳ್ಳಿ, ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬನ್ನಿ. ಶಾಕ್ ಎಷ್ಟು ಒತ್ತಿಕೊಂಡಿತೋ ಅಲ್ಲಿಗೆ ಟ್ಯಾಗ್ ಸರಿದು ನಿಂತಿರುತ್ತದೆ. ನನ್ನದು ಮೇಲಿನ ರಬ್ಬರ್ ಸ್ಟಾಪಿಗೆ ಅಂಟಿಕೊಂಡು ನಿಂತಿತ್ತು.

ಅಲ್ಲಿಗೆ ಗುಟ್ಟು ತಿಳಿಯಿತು. ಅವ್ವನ ಸೊಂಟಕ್ಕೆ ಬಡಿಯುತ್ತಿದ್ದುದು ಮುಖ್ಯವಾಗಿ ಸ್ಪ್ರಿಂಗಿನ ಬಿರುಸಲ್ಲ, ಶಾಕಿಗೆ ಚಲಿಸಲು ಜಾಗವೇ ಉಳಿದಿರಲಿಲ್ಲ. ಕಾರನ್ನು ತಗ್ಗಿಸಿದಾಗ ಆ ಜಾಗವೂ ಜೊತೆಗೇ ಹೋಗಿಬಿಡುತ್ತದೆ, ಪ್ರತಿ ತಗ್ಗಿನಲ್ಲೂ ಚಕ್ರ ಹೋಗಿ ಸ್ಟಾಪಿಗೆ ಗುದ್ದುತ್ತದೆ. ಎತ್ತರಿಸಿದ ಮೇಲೆ ಅರ್ಧ ಬಾಧೆ ಹೋಯಿತು. ಉಳಿದರ್ಧಕ್ಕೆ ಸ್ಪ್ರಿಂಗ್ ಬದಲಿಸಿದೆ. ಮುಂದೆ ಇದ್ದದ್ದು 7 ಕೆ.ಜಿ.ಯದು, ಅಂದರೆ ಒಂದು ಮಿಲಿಮೀಟರ್ ಅದುಮಲು 7 ಕೆ.ಜಿ. ಭಾರ ಬೇಕು. ಅದನ್ನು 4ಕ್ಕೆ ಇಳಿಸಿದೆ.

ಸ್ಪ್ರಿಂಗ್ ಬದಲಿಸಿದವರು ಶಾಕಿನ ರಿಬೌಂಡ್ ಸಡಿಲಿಸುವುದನ್ನು ಮರೆಯಬಾರದು. ರಿಬೌಂಡ್ ಬಿಗಿಯಾಗಿದ್ದರೆ ಒತ್ತಿಕೊಂಡ ಚಕ್ರ ಮತ್ತೆ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬಂದಿರುತ್ತದೆ. ಸಾಲು ಪಟ್ಟಿಗಳ ಮೇಲೆ ಕಾರು ಕುಗ್ಗುತ್ತ ಕುಗ್ಗುತ್ತ ಹೋಗುತ್ತದೆ. ನಮಗೆ ಇದು ಇನ್ನೂ ಮುಖ್ಯ. ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಟರೆ ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಡಾಂಬರು ಅಲೆಅಲೆಯಾಗಿ ಏಳುತ್ತದೆ. ರಿಬೌಂಡನ್ನು ಒಂದೊಂದು ಸಲಕ್ಕೆ ಎರಡೇ ಕ್ಲಿಕ್ ಸಡಿಲಿಸಿ, ಅದೇ ದಾರಿಯಲ್ಲಿ ಓಡಿಸಿ, ಬರೆದಿಡಿ. ಚಕ್ರ ರಸ್ತೆ ಬಿಡದ ಕಾರಿನಲ್ಲಿ ಸುಖವೂ ಇದೆ, ಹಿಡಿತವೂ ಇದೆ. ಈ ಎರಡನ್ನೂ ವೈರಿಗಳೆಂದು ತಿಳಿದವರು ಶಾಕನ್ನು ಸರಿಯಾಗಿ ಹೊಂದಿಸಿ ನೋಡಿರಲಿಕ್ಕಿಲ್ಲ.

6. ಅಲೈನ್‌ಮೆಂಟ್ ಮತ್ತೆ ಮಾಡಿಸಿ. ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತದೆ. ಗೋಕುಲ ರೋಡಿನಲ್ಲಿ ಅಲೈನ್‌ಮೆಂಟ್ ಮಾಡುವ ಹುಡುಗ ಟೈರಿನ ಒಳ ಅಂಚಿನ ಮೇಲೆ ಬೆರಳಾಡಿಸಿ, "ಸರ, ಕ್ಯಾಂಬರ್ ಭಾಳ ಒಳಗ ಐತ್ರಿ. ಟಾಯರ್ ಒಳಗಿಂದ ತಿನ್ನಾಕತ್ತೈತಿ" ಅಂದ. ನೋಡಿದರೆ ಒಳಗಿನ ತಂತಿ ಇಣುಕುತ್ತಿತ್ತು. ಟ್ರ್ಯಾಕಿನ ತಿರುವಿನಲ್ಲಿ ಒರಗುವ ಕಾರಿಗೆ ಕ್ಯಾಂಬರ್, ಅಂದರೆ ಚಕ್ರದ ತಲೆಯ ಒಳವಾಲು, ಮೂರು ಡಿಗ್ರಿ ಬೇಕಾಗುತ್ತದೆ. ನೇರ ದಾರಿಗೆ ಒಂದು ಡಿಗ್ರಿಯ ಒಳಗೇ ಸಾಕು. ಟೋ, ಅಂದರೆ ಚಕ್ರಗಳ ಮೂತಿ ತಿರುಗಿರುವ ಕೋನ, ಸೊನ್ನೆಗೆ ತನ್ನಿ, ಇಲ್ಲವೇ ಕೂದಲೆಳೆಯಷ್ಟು ಒಳಮುಖ ಇರಲಿ. ಹೊರಮುಖ ಇದ್ದರೆ ಲಾರಿಗಳು ಬೈಪಾಸಿನಲ್ಲಿ ಕೊರೆದ ಜಾಡಿನ ಹಿಂದೆ ಸ್ಟೇರಿಂಗ್ ತಾನಾಗಿ ಓಡುತ್ತದೆ.

7. ಗಟ್ಟಿ ಬುಷ್ ತೆಗೆದು ರಬ್ಬರ್ ಬುಷ್ ಹಾಕಿಸಿ. ಎಂಜಿನ್ ಮೌಂಟಿಗೂ ಇದೇ ಮಾತು. ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿ ನಡುಗುವುದು ನಿಲ್ಲುತ್ತದೆ.

8. ಬ್ರೇಕ್ ಪ್ಯಾಡ್ ತಣ್ಣಗಿದ್ದಾಗಲೂ ಹಿಡಿಯಬೇಕು. ರೇಸ್ ಪ್ಯಾಡಿಗೆ ಬಿಸಿ ಬೇಕು. ಮನೆಯಿಂದ ಹೊರಬಿದ್ದ ಮೊದಲ ತಿರುವಿನಲ್ಲೇ ಮಗು ಅಡ್ಡ ಬಂದರೆ ಅದು ಬಿಸಿಯಾಗುವವರೆಗೆ ಕಾಯಲಾದೀತೇ? ಒಳ್ಳೆಯ ರಸ್ತೆ ಪ್ಯಾಡ್ ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಸಾದಾ ಡಾಟ್ 4 ಆದರೆ ಎರಡು ವರ್ಷಕ್ಕೊಮ್ಮೆ, ರೇಸ್ ಆಯಿಲ್ ಆದರೆ ಅದಕ್ಕೂ ಮೊದಲೇ ಬದಲಿಸಿ.

9. ಸೀಟು, ಬೆಲ್ಟು, ಕೇಜು, ಇವು ಮೂರೂ ಒಂದೇ ಸೂತ್ರ. ಬಕೆಟ್ ಸೀಟು ನಾಲ್ಕು ಪಾಯಿಂಟಿನ ಬೆಲ್ಟಿಗೆ, ಆ ಬೆಲ್ಟು ಹೆಲ್ಮೆಟ್ಟಿಗೆ, ಹೆಲ್ಮೆಟ್ಟು ಉಕ್ಕಿನ ಕೇಜಿಗೆ ಹೊಂದಿಕೊಂಡು ಬಂದವು. ಹೆಲ್ಮೆಟ್ ಇಲ್ಲದೆ ಕೇಜಿನೊಳಗೆ ಕೂತರೆ, ನಿಮ್ಮನ್ನು ಕಾಯಬೇಕಾದ ಕಂಬಿಯೇ ಅಪಘಾತದಲ್ಲಿ ತಲೆಗೆ ಬಡಿಯುತ್ತದೆ. ದಿನದ ಓಡಾಟಕ್ಕೆ ಕೇಜು ಬಿಚ್ಚಿಸಿ, ಕಂಪನಿ ಸೀಟು, ಕಂಪನಿ ಮೂರು ಪಾಯಿಂಟ್ ಬೆಲ್ಟು, ಏರ್‌ಬ್ಯಾಗ್ ಇರುವ ಕಂಪನಿ ಸ್ಟೇರಿಂಗನ್ನೇ ಮರಳಿ ಹಾಕಿಸಿ. ಇದರಲ್ಲಿ ನಾನು ರಾಜಿ ಮಾಡಿಕೊಂಡಿಲ್ಲ, ನೀವೂ ಮಾಡಿಕೊಳ್ಳಬೇಡಿ.

10. ತೆರೆದ ಏರ್ ಫಿಲ್ಟರ್ ನಮ್ಮ ಧೂಳಿಗೆ ಆಗುವುದಿಲ್ಲ. ಕೋನ್ ಫಿಲ್ಟರ್ ಎಂಜಿನ್ನಿನ ಬಿಸಿಗಾಳಿಯನ್ನೂ ರಸ್ತೆಯ ಧೂಳನ್ನೂ ಒಟ್ಟಿಗೇ ಎಳೆಯುತ್ತದೆ. ನಾನು ಬಿಚ್ಚಿದಾಗ ಎರೆಮಣ್ಣಿನ ಕಪ್ಪು ಹುಡಿ ಬೆರಳಿಗೆ ಮೆತ್ತಿಕೊಂಡಿತು. ಮುಚ್ಚಿದ ಕಂಪನಿ ಪೆಟ್ಟಿಗೆ ಮತ್ತೆ ಹಾಕಿಸಿದೆ. ಜೊತೆಗೆ ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ಫ್ಯಾನ್ ಸರಿಯಾಗಿವೆಯೇ ನೋಡಿಸಿ. ಟ್ರ್ಯಾಕಿನಲ್ಲಿ ಗಾಳಿ ತಾನಾಗಿ ಬರುತ್ತದೆ, ಚೆನ್ನಮ್ಮ ಸರ್ಕಲ್ಲಿನ ಸಂಜೆ ಆರರ ಸಾಲಿನಲ್ಲಿ ಎಲ್ಲಿಂದ ಬರಬೇಕು?

11. ಸದ್ದು ಇಳಿಸಿ, ಕಾಗದ ಸರಿ ಮಾಡಿಕೊಳ್ಳಿ. ಕಂಪನಿ ಸೈಲೆನ್ಸರ್ ಮರಳಿ ಹಾಕಿಸಿ. ಕಿತ್ತು ಬಿಸಾಡಿದ್ದ ನೆಲದ ಮ್ಯಾಟು, ಬಾಗಿಲ ಒಳಗಿನ ಬ್ಯೂಟೈಲ್ ಹಾಳೆ ಮತ್ತೆ ಅಂಟಿಸಿ. ಸತ್ತೂರಿನ ಆಸ್ಪತ್ರೆಯ ಮುಂದೆ ಹಾಯುವವರಿಗೆ ಇದು ಮನುಷ್ಯತ್ವದ ಮಾತೂ ಹೌದು. ಕಾನೂನೂ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೂಲ ರೂಪಕ್ಕೆ ಎಷ್ಟು ಹತ್ತಿರ ತಂದರೆ ವಿಮೆಯ ವಿಷಯದಲ್ಲೂ ಅಷ್ಟು ನೆಮ್ಮದಿ.

12. ಒಂದು ಸಲಕ್ಕೆ ಒಂದೇ ಬದಲಾವಣೆ, ಬಿಚ್ಚಿದ್ದನ್ನು ಮಾರಬೇಡಿ. ಎಲ್ಲವನ್ನೂ ಒಟ್ಟಿಗೇ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದೇ ಇಲ್ಲ. ಬಿಚ್ಚಿದ ಪ್ಯಾಡು, ಸ್ಪ್ರಿಂಗು, ಬೋಲ್ಟುಗಳನ್ನು ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡಿ. ಶಾಕಿನ ಕ್ಲಿಕ್ಕು, ಹವಾದ ಲೆಕ್ಕ, ಕ್ಯಾಂಬರ್ ಡಿಗ್ರಿ, ಮೂರನ್ನೂ ಪುಸ್ತಕದಲ್ಲಿ ಎರಡು ಪುಟಗಳಿಗೆ ಬರೆಯಿರಿ: ಎಡಕ್ಕೆ "ಊರು", ಬಲಕ್ಕೆ "ಟ್ರ್ಯಾಕು". ಕೊಯಮತ್ತೂರಿಗೆ ಹೊರಡುವಾಗ ಸೆಮಿ–ಸ್ಲಿಕ್ ಟೈರು, ರೇಸ್ ಪ್ಯಾಡು, ಹೆಲ್ಮೆಟ್ಟು ಡಿಕ್ಕಿಯಲ್ಲೂ ಹಿಂದಿನ ಸೀಟಿನಲ್ಲೂ ಹೋಗಲಿ, ಕಾರು ಎಡಪುಟದ ಲೆಕ್ಕದಲ್ಲೇ ಓಡಲಿ. ಅಲ್ಲಿ ತಲುಪಿದ ಮೇಲೆ ಜ್ಯಾಕ್ ಹಾಕಿ ಬಲಪುಟ ತೆರೆಯಿರಿ. ನಾನು ಕಳೆದ ಸಲ ಇಬ್ಬರ ಕೈಯಿಂದ ಎರಡು ಗಂಟೆಯಲ್ಲಿ ಮುಗಿಸಿದೆ, ವಾಪಸ್ ಬರುವ ಮೊದಲು ಮತ್ತೆ ಎರಡು ಗಂಟೆ.

ಈಗ ಅವ್ವ ಗುರುವಾರ ಹುಬ್ಬಳ್ಳಿಗೆ, ಸಿದ್ಧಾರೂಢ ಮಠಕ್ಕೆ ಹೊರಟರೆ ತಾನೇ ಬಂದು ಮುಂದಿನ ಬಾಗಿಲು ತೆಗೆದು ಕೂರುತ್ತಾಳೆ. ಮೊನ್ನೆ ರಾಯಾಪುರ ದಾಟುವಾಗ ತಿರುಗಿ ನೋಡಿದೆ. ಹೂವಿನ ಬುಟ್ಟಿ ತೊಡೆಯ ಮೇಲಿತ್ತು, ಅವಳಿಗೆ ನಿದ್ದೆ ಹತ್ತಿತ್ತು.