ಟಗರುಮರಿಗಳನ್ನು ಕೊಟ್ಟಿಗೆಯಲ್ಲಿ ಮೇಯಿಸಿ ಕೊಬ್ಬಿಸುವ ಕ್ರಮ

ಬಯಲುಸೀಮೆಯಲ್ಲಿ ಕುರಿಗಳನ್ನು ಬೀಳುಹೊಲ, ಕೆರೆಯಂಗಳ, ಗೋಮಾಳಗಳಲ್ಲಿ ಅಡ್ಡಾಡಿಸಿ ಮೇಯಿಸುವುದೇ ಹಿಂದಿನಿಂದ ನಡೆದು ಬಂದ ಪದ್ಧತಿಯಾಗಿರುವುದು. ಗೋಮಾಳಗಳು ಕಿರಿದಾಗುತ್ತ ಬಂದುದರಿಂದಲೂ, ಮಂದೆಯ ಹಿಂದೆ ಹೋಗತಕ್ಕ ಆಳುಗಳು ದೊರೆಯುವುದು ಕಷ್ಟವಾದುದರಿಂದಲೂ, ಅನೇಕ ಒಕ್ಕಲುಗಾರರು ಹಾಲು ಬಿಟ್ಟ ಟಗರುಮರಿಗಳನ್ನು ಸಂತೆಯಲ್ಲಿ ಕೊಂಡು, ಮೂರು ನಾಲ್ಕು ತಿಂಗಳು ಕೊಟ್ಟಿಗೆಯಲ್ಲಿಯೇ ಮೇವು ಹಾಕಿ ಬೆಳೆಸಿ, ಮಾಂಸಕ್ಕಾಗಿ ಮಾರುತ್ತಿರುವರು. ಈ ಕಸುಬಿನಲ್ಲಿ ಲಾಭವುಂಟು. ಆದರೆ ನಷ್ಟಪಟ್ಟು ಕೈಬಿಟ್ಟವರೂ ಕಡಮೆಯಲ್ಲ. ಅವರಲ್ಲಿ ಹೆಚ್ಚು ಮಂದಿಗೆ ನಷ್ಟವೊದಗಿದುದು ಮೇವಿನ ಕೊರತೆಯಿಂದಲ್ಲ, ಕಾಳನ್ನು ಅವಸರದಿಂದ ತಿನ್ನಿಸಿದುದರಿಂದಲೇ ಎಂಬುದು ಈ ಲೇಖಕನ ಅಭಿಪ್ರಾಯ.

ಮರಿಗಳನ್ನು ಕೊಳ್ಳುವಾಗ 12 ರಿಂದ 15 ಕಿಲೋಗ್ರಾಂ ತೂಕದ, ಕಣ್ಣು ಹೊಳಪಾಗಿರುವ, ಬಾಲದ ಸುತ್ತ ಉಣ್ಣೆ ಕೊಳೆಯಾಗದಿರುವ ಮರಿಗಳನ್ನು ಆರಿಸತಕ್ಕದ್ದು. ಬನ್ನೂರು ಕುರಿಯು ಗಿಡ್ಡ ಕಾಲಿನದಾದರೂ ಮೈತುಂಬಿದುದು. ಕೆಂಗುರಿಯು ಎತ್ತರವಾಗಿ ದೊಡ್ಡ ಮೈಕಟ್ಟಿಗೆ ಬರತಕ್ಕದ್ದು. ಯಾವ ಜಾತಿಯಾದರೂ ಆಗಬಹುದು. ಆದರೆ ಒಂದೇ ಅಳತೆಯ ಮರಿಗಳನ್ನು ಒಟ್ಟಿಗೆ ಕಟ್ಟುವುದು ಮುಖ್ಯ. ಸಂತೆಗೆ ತರುವ ಮುಂಚೆ ಮರಿಗಳಿಗೆ ಉಪ್ಪು ನೆಕ್ಕಿಸಿ ಹೊಟ್ಟೆ ತುಂಬ ನೀರು ಕುಡಿಸುವ ವ್ಯಾಪಾರಿಗಳೂ ಇರುವರು. ಆದುದರಿಂದ ಹೊಟ್ಟೆಯ ಉಬ್ಬನ್ನು ನೋಡಿ ಮೋಸಹೋಗದೆ, ಬೆನ್ನುಮೂಳೆಯ ಇಕ್ಕೆಲಗಳನ್ನು ಬೆರಳಿನಿಂದ ಒತ್ತಿ ನೋಡಬೇಕು.

ಕೊಂಡು ತಂದ ಮರಿಗಳನ್ನು ಹಳೆಯ ಕುರಿಗಳೊಡನೆ ಕೂಡಲೇ ಸೇರಿಸಲಾಗದು. ಎರಡು ಮೂರು ವಾರ ಪ್ರತ್ಯೇಕವಾಗಿ ಕಟ್ಟಿ, ಜಂತುಹುಳುವಿನ ಔಷಧವನ್ನು ಕೊಡಿಸಿ, ಹಿರೇಬೇನೆ ಮತ್ತು ಕರುಳುಬೇನೆಗಳಿಗೆ ಲಸಿಕೆ ಹಾಕಿಸತಕ್ಕದ್ದು. ಕರುಳುಬೇನೆಯ ಲಸಿಕೆಯನ್ನು ಮೊದಲ ಸಲ ಹಾಕಿಸುವಾಗ ಎರಡು ಮೂರು ವಾರಗಳ ಅಂತರದಲ್ಲಿ ಎರಡು ಬಾರಿ ಹಾಕಿಸಬೇಕಾಗುವುದು. ಒಂದೇ ಸಲ ಹಾಕಿಸಿ ಸುಮ್ಮನಾಗುವವರು ಬಹಳ. ಅದರ ಫಲವನ್ನು ಮುಂದೆ ಕಾಣುವರು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕುರಿಯ ಮೊದಲ ಹೊಟ್ಟೆಯು ಒಂದು ಹುಳಿಯುವ ಗುಡಾಣದಂತೆ ಇರುವುದು. ಅದರೊಳಗೆ ವಾಸಿಸುವ ಸೂಕ್ಷ್ಮಜೀವಿಗಳೇ ಹುಲ್ಲನ್ನು ಜೀರ್ಣಿಸತಕ್ಕವು. ಹುಲ್ಲನ್ನು ಜೀರ್ಣಿಸುವ ಜೀವಿಗಳು ಬೇರೆ, ಕಾಳಿನ ಹಿಟ್ಟನ್ನು ಜೀರ್ಣಿಸುವುವು ಬೇರೆ. ಬರೀ ಹುಲ್ಲಿಗೆ ಒಗ್ಗಿದ ಮರಿಗೆ ಒಮ್ಮೆಲೇ ಬೊಗಸೆ ಬೊಗಸೆ ಮೆಕ್ಕೆಜೋಳ ಹಾಕಿದರೆ, ಹಿಟ್ಟು ಬೇಗನೆ ಹುದುಗಿ, ನಾಲ್ಕು ದಿನ ಮರೆತಿಟ್ಟ ಅಂಬಲಿಯಂತೆ ಹೊಟ್ಟೆಯೆಲ್ಲವೂ ಹುಳಿಯಾಗುವುದು. ಮರಿಯು ಮೇವು ಬಿಟ್ಟು, ಹಲ್ಲು ಕಡಿಯುತ್ತ, ತಲೆ ಜೋಲುಬಿಟ್ಟು ನಿಲ್ಲುವುದು. ಹುಳಿನಾತದ ತೆಳ್ಳನೆಯ ಹಿಕ್ಕೆ ಹಾಕುವುದು. ಇಂತಹ ಮರಿಗೆ ಕಾಳನ್ನು ಕೂಡಲೇ ನಿಲ್ಲಿಸಿ, ಒಣಹುಲ್ಲನ್ನು ಮಾತ್ರ ಕೊಟ್ಟು, ಪಶುವೈದ್ಯರನ್ನು ಕರೆಸತಕ್ಕದ್ದು. ಅಡಿಗೆ ಸೋಡವನ್ನು ನೀರಿನಲ್ಲಿ ಕಲಸಿ ಕುಡಿಸುವುದುಂಟು. ಅದರ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯುವುದು ಮೇಲು.

ಕರುಳುಬೇನೆಗೂ ಇದಕ್ಕೂ ಸಮೀಪ ಸಂಬಂಧವುಂಟು. ಈ ರೋಗದ ಜೀವಾಣುಗಳು ಆರೋಗ್ಯವಾಗಿರುವ ಕುರಿಯ ಕರುಳಿನಲ್ಲಿಯೂ ಅಲ್ಪಸ್ವಲ್ಪ ಇರುವುವು. ಜೀರ್ಣವಾಗದ ಹಿಟ್ಟು ಕರುಳಿಗೆ ಇಳಿದಾಗ ಅವು ಮಿತಿಮೀರಿ ಹೆಚ್ಚಿ ವಿಷವನ್ನುಂಟುಮಾಡುವುವು. ಸಂಜೆ ಚೆನ್ನಾಗಿ ಮೆಂದ ಮರಿಯು ಬೆಳಗಿನ ಹೊತ್ತಿಗೆ ಸತ್ತಿರುವುದು. ಅದೂ ಹಿಂಡಿನಲ್ಲಿ ಎಲ್ಲಕ್ಕಿಂತ ಪುಷ್ಟವಾದ ಮರಿಯೇ ಮೊದಲು ಸಾಯುವುದರಿಂದ, ದೃಷ್ಟಿ ತಾಗಿತೆಂದು ಬಗೆದು ಬೇವಿನ ಸೊಪ್ಪು ಕಟ್ಟುವವರುಂಟು. ಸೊಪ್ಪು ಕಟ್ಟಲಿ, ಬಾಧಕವಿಲ್ಲ. ಆದರೆ ಗೋದಲಿಯನ್ನೂ ನೋಡಲಿ. ಪ್ರತಿ ಮರಿಗೆ ಸುಮಾರು ಒಂದು ಅಡಿ ಉದ್ದದ ಗೋದಲಿಯಿದ್ದು ಎಲ್ಲವೂ ಏಕಕಾಲದಲ್ಲಿ ತಿನ್ನುವಂತಿರಬೇಕು. ಇಲ್ಲದಿದ್ದರೆ ಬಲವಾದ ಟಗರು ನಾಲ್ಕರ ಪಾಲನ್ನು ತಾನೇ ತಿಂದು ಸಾಯುವುದು, ಬಡಕಲು ಮರಿಗಳು ಹಸಿದು ಸೊರಗುವುವು.

ಆದಕಾರಣ ದಾಣಿಯನ್ನು ದಿನಕ್ಕೆ 50 ಗ್ರಾಂನಿಂದ ಆರಂಭಿಸಿ, ಎರಡು ಮೂರು ವಾರಗಳಲ್ಲಿ ಕ್ರಮೇಣ 300 ಗ್ರಾಂಗೆ ಏರಿಸತಕ್ಕದ್ದು. ಅದನ್ನು ಎರಡು ಹೊತ್ತಿಗೆ ಹಂಚಿ, ಒಣಮೇವು ತಿಂದಾದ ಮೇಲೆಯೇ ಕೊಡಬೇಕು. ಮೆಕ್ಕೆಜೋಳದ ನುಚ್ಚು 45 ಭಾಗ, ಕಡಲೆಕಾಯಿ ಹಿಂಡಿ 22, ಹುರುಳಿ ನುಚ್ಚು 15, ಗೋಧಿ ಬೂಸ 15, ಖನಿಜ ಮಿಶ್ರಣ 2, ಉಪ್ಪು 1 ಭಾಗ ಸೇರಿಸಿದರೆ ನೂರಕ್ಕೆ ಸುಮಾರು 18 ಭಾಗ ಸಸಾರಜನಕವುಳ್ಳ ದಾಣಿಯಾಗುವುದು. ರಾಗಿಹುಲ್ಲು ಒಂದನ್ನೇ ನಂಬಿದರೆ ಮರಿ ಬೆಳೆಯಲಾರದು. ಅವರೆ, ತೊಗರಿ, ಹುರುಳಿಗಳ ಹೊಟ್ಟು, ಅಗಸೆ ಅಥವಾ ಹಾಲುವಾಣದ ಸೊಪ್ಪು ಇವುಗಳನ್ನು ಜೊತೆಗೆ ಕೊಡುವುದು ಅವಶ್ಯ. ಬೂಷ್ಟು ಹಿಡಿದ ಹಿಂಡಿಯು ಎಷ್ಟೇ ಅಗ್ಗವಾಗಿ ದೊರೆತರೂ ಬೇಡ. ಬೂಸ, ತೌಡುಗಳನ್ನು ಅತಿಯಾಗಿ ತಿನ್ನಿಸಿದರೆ ರಂಜಕವು ಹೆಚ್ಚಾಗಿ ಟಗರುಗಳ ಮೂತ್ರನಾಳದಲ್ಲಿ ಕಲ್ಲು ಕಟ್ಟುವುದು. ಮೂತ್ರಕ್ಕೆ ತಿಣುಕುತ್ತ ಹನಿಹನಿಯಾಗಿ ಹೊಯ್ಯುವ ಟಗರನ್ನು ಕಂಡರೆ ತಡಮಾಡಲಾಗದು. ದಾಣಿಯಲ್ಲಿ ಸುಣ್ಣಕಲ್ಲಿನ ಪುಡಿಯನ್ನು ನೂರಕ್ಕೆ ಒಂದು ಭಾಗ ಬೆರೆಸುವುದೂ, ಹಗಲಿರುಳೂ ಶುದ್ಧವಾದ ನೀರನ್ನು ಇಟ್ಟಿರುವುದೂ ಈ ತೊಂದರೆಯನ್ನು ತಡೆಯುವುವು.

ಲಾಭನಷ್ಟದ ಲೆಕ್ಕವು ತಕ್ಕಡಿಯಿಲ್ಲದೆ ತಿಳಿಯದು. ಒಂದು ಮರಿಯ ದಿನದ ಮೇವು ದಾಣಿಗಳಿಗೆ 18 ರೂಪಾಯಿ ತಗಲುವುದೆಂದು ಎಣಿಸೋಣ. ಅದು ದಿನಕ್ಕೆ 120 ಗ್ರಾಂ ಬೆಳೆದರೆ ಒಂದು ಕಿಲೋಗ್ರಾಂ ಮೈಗೆ 150 ರೂಪಾಯಿ ಬೀಳುವುದು; 60 ಗ್ರಾಂ ಮಾತ್ರ ಬೆಳೆದರೆ 300 ರೂಪಾಯಿ. ಕಣ್ಣಿಗೆ ಎರಡೂ ಒಂದೇ ರೀತಿ ಬೆಳೆಯುವಂತೆ ತೋರುವುವು. ಆದುದರಿಂದ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ ಬರೆದಿಡತಕ್ಕದ್ದು. ಇಪ್ಪತ್ತು ಮರಿಗಳಲ್ಲಿ ಒಂದು ಸತ್ತರೆ ಅದರ ಕ್ರಯವನ್ನೂ ಅದು ತಿಂದ ಮೇವಿನ ಬೆಲೆಯನ್ನೂ ಉಳಿದ ಹತ್ತೊಂಬತ್ತರ ಮೇಲೆ ಹೊರಿಸಬೇಕಾಗುವುದು.

ಬಕ್ರೀದಿಗಾಗಿ ಸಾಕುವವರು ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಆ ಹಬ್ಬಕ್ಕೆ ವರ್ಷ ತುಂಬಿದ, ಕುಂಟು ಕುರುಡಿಲ್ಲದ ಟಗರನ್ನೇ ಕೇಳುವರು. ಕಾದಾಡಿ ಕೊಂಬು ಮುರಿದುಕೊಂಡ ಟಗರಿಗೆ ಬೆಲೆ ಇಳಿಯುವುದು. ಆದುದರಿಂದ ಎಂಟು ಒಂಬತ್ತು ತಿಂಗಳ ಮರಿಗಳನ್ನೇ ಕೊಳ್ಳಬೇಕು. ಹಬ್ಬವು ಚಾಂದ್ರಮಾನವನ್ನು ಅನುಸರಿಸುವುದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತಿರುವುದು: 2024ರಲ್ಲಿ ಜೂನ್ 17 ರಂದೂ 2025ರಲ್ಲಿ ಜೂನ್ 7 ರಂದೂ ಬಿದ್ದಿತು. ಜೂನ್ ಹಬ್ಬಕ್ಕೆ ಫೆಬ್ರವರಿಯಲ್ಲಿ ಕೊಂಡವರಿಗೆ ರಾಗಿಹುಲ್ಲಿನ ಬಣವೆಯೂ ಅವರೆಯ ಹೊಟ್ಟೂ ಮನೆಯಲ್ಲಿಯೇ ಇದ್ದುವು. ಹಬ್ಬವು ಮಾರ್ಚಿಗೆ ಸರಿದಾಗ ನವೆಂಬರಿನಲ್ಲಿಯೇ ಕೊಳ್ಳಬೇಕಾಗಿ ಬರುವುದು. ಆಗ ಹೊಸ ಹುಲ್ಲು ಇನ್ನೂ ಹೊಲದಲ್ಲಿರುವುದು, ಕೊಟ್ಟಿಗೆಯ ನೆಲವೂ ಹಸಿಯಾಗಿರುವುದು. ಅಂತಹ ವರ್ಷಕ್ಕೆ ಹಿಂದಿನ ಸುಗ್ಗಿಯ ಹೊಟ್ಟನ್ನು ಈಗಲೇ ಒಂದು ಮೂಲೆಯಲ್ಲಿ ಬೇರೆಯಾಗಿ ಒಟ್ಟಿಟ್ಟಿರಬೇಕು.