ಮೊದಲು ಗೂಡಿನ ಬಾಗಿಲು, ಆಮೇಲೆ ಮದ್ದು

ನಾಟಿ ಕೋಳಿ ಸಾಕುವ ಮನೆಗಳಿಗೆ ಬೇಸಿಗೆಯೆಂದರೆ ಕೊಕ್ಕರೆ ರೋಗದ ಭಯ. ಪಶುವೈದ್ಯರು ಇದನ್ನು ರಾಣಿಖೇತ್ ಎನ್ನುತ್ತಾರೆ. ಸಂಜೆ ಚೆನ್ನಾಗಿ ಮೇದು ಗೂಡು ಸೇರಿದ ಹೇಂಟೆ ಬೆಳಿಗ್ಗೆ ರೆಕ್ಕೆ ಜೋಲುಬಿಟ್ಟು ತೂಕಡಿಸುತ್ತಿರುತ್ತದೆ. ಹಿಕ್ಕೆ ಹಸಿರು ನೀರಿನಂತೆ. ಬಾಯಿ ತೆರೆದು ಗೊರಗೊರ ಉಸಿರೆಳೆಯುತ್ತದೆ. ಬದುಕುಳಿದವುಗಳಲ್ಲಿ ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ.

ಮೊದಲ ಕೋಳಿ ಮುದುಡಿದಾಗಲೇ ಇಡೀ ಹಿಂಡಿಗೆ ಕಾಯಿಲೆ ಬಂದಿದೆ ಎಂದುಕೊಂಡು ಕೆಲಸ ಶುರುಮಾಡಬೇಕು. ನಮ್ಮ ಹಿಂಡಿಗೆ ಬಂದಾಗ ಒಂದನ್ನೂ ಹೊರಗೆ ಬಿಡಲಿಲ್ಲ. ಮುದುಡಿದವನ್ನು ದೂರದಲ್ಲಿ ಮಂಕರಿಯಡಿ ಇಟ್ಟೆ. ಕಾಳು, ನೀರು ಮೊದಲು ಗಟ್ಟಿಯಾಗಿದ್ದವಕ್ಕೆ, ಕೊನೆಗೆ ಕಾಯಿಲೆಯವಕ್ಕೆ. ಅದೇ ಚಪ್ಪಲಿಯಲ್ಲಿ ತಿರುಗಿ ಗೂಡಿಗೆ ಹೋಗುವಂತಿಲ್ಲ.

ಸತ್ತದ್ದನ್ನು ತಿಪ್ಪೆಗೆ ಎಸೆಯಲೇಬಾರದು. ಡಾಕ್ಟರಿಗೆ ಫೋನ್ ಮಾಡಿ, ಅವರು ತನ್ನಿ ಎಂದ ಮೇಲೆ ಎರಡು ಚೀಲದಲ್ಲಿ ಕಟ್ಟಿ ಐಸ್ ಮೇಲಿಟ್ಟು ಪಶು ಆಸ್ಪತ್ರೆಗೆ ಒಯ್ದೆ. ಅವರು ಕೊಯ್ದು ಜಠರದ ಒಳಗೋಡೆಯ ರಕ್ತದ ಚುಕ್ಕಿಗಳನ್ನು ತೋರಿಸಿ, ಇದು ರಾಣಿಖೇತೇ, ವೈರಸ್ಸಿನ ರೋಗ ಎಂದರು. ಊರಲ್ಲಿ ಎಲ್ಲರೂ ನೀರಿಗೆ ಬೆರೆಸುತ್ತಿದ್ದ ಆ್ಯಂಟಿಬಯೋಟಿಕ್ ಪುಡಿ ವೈರಸ್ಸಿಗೆ ನಾಟುವುದಿಲ್ಲ. ರಕ್ತಭೇದಿಯ ಕಾಕ್ಸಿಡಿಯೋಸಿಸ್ ಆಗಿದ್ದರೆ ಮದ್ದೇ ಬೇರೆ. ಕೊಯ್ದು ನೋಡಿಸದೆ ಮದ್ದು ಕೊಂಡರೆ ದುಡ್ಡೂ ದಂಡ, ಹೊತ್ತೂ ದಂಡ.

"ಇರೋವನ್ನ ಸಂತೆಗೆ ಹಾಕ್ಬುಡು ಮಗಾ, ನಾಲ್ಕ್ ಕಾಸಾದ್ರೂ ಬರ್ತದೆ" ಎಂದರು ಪಕ್ಕದ ಮನೆ ಅಜ್ಜಿ. ಕೋಳಿ ಮಾರಿದ ದುಡ್ಡಲ್ಲೇ ಮಕ್ಕಳ ಪುಸ್ತಕ ಬರುವ ಮನೆಗಳು ನಮ್ಮವು, ಆ ಮಾತಿನ ಹಿಂದಿನ ಕಷ್ಟ ನನಗೆ ಗೊತ್ತು. ಆದರೂ ಒಪ್ಪಲಿಲ್ಲ. ಸಂತೆಯಲ್ಲಿ ಕೊಂಡವರು ಒಬ್ಬೊಬ್ಬರು ಒಂದೊಂದು ಊರಿಗೆ ರೋಗ ಹೊತ್ತೊಯ್ಯುತ್ತಾರೆ.

ಒಮ್ಮೆಲೇ ರಾಶಿ ಸತ್ತು, ಜುಟ್ಟು ನೀಲಿಗಟ್ಟಿದ್ದರೆ ಮುಟ್ಟುವುದೂ ಬೇಡ, ಒಯ್ಯುವುದೂ ಬೇಡ, ಡಾಕ್ಟರೇ ಬರಬೇಕು. ಅದು ಹಕ್ಕಿಜ್ವರವಿರಬಹುದು; ಹಕ್ಕಿಜ್ವರ ಮನುಷ್ಯರಿಗೂ ಬರುತ್ತದೆ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರಕ್ಕೇ ಅದು ನುಗ್ಗಿತ್ತು.

ರಾಣಿಖೇತಿಗೆ ಮದ್ದಿಲ್ಲ, ಲಸಿಕೆಯಿದೆ. ಮರಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಲಾಸೋಟ ಹನಿ, ತಿಂಗಳಾಗುವಾಗ ಇನ್ನೊಮ್ಮೆ, 8 ವಾರಕ್ಕೆ ಆರ್‌2ಬಿ ಚುಚ್ಚುಮದ್ದು. ಬಾಟಲಿ ಒಡೆದರೆ ನೂರು ಕೋಳಿಗೆ ಆಗುವಷ್ಟು; ಮನೆಯಲ್ಲಿರುವುದು ಹತ್ತಿಪ್ಪತ್ತು. ಹಳ್ಳಿಯ ಕೋಳಿಗಳು ಲಸಿಕೆ ಕಾಣದಿರಲು ಮುಖ್ಯ ಕಾರಣ ಇದೇ ಎಂದು ನನ್ನ ನಂಬಿಕೆ. ಈಗ ನಮ್ಮ ಕೇರಿಯವರೆಲ್ಲ ಮಾತಾಡಿಕೊಂಡು ಒಂದೇ ವಾರ ಮರಿ ಒಡೆಯುವಂತೆ ಕಾವಿಗೆ ಕೂರಿಸುತ್ತೇವೆ. ಬೆರೆಸಿದ ಲಸಿಕೆ ಎರಡು ಗಂಟೆಯೊಳಗೆ ಮುಗಿಯಬೇಕು. ಹಾಗಾಗಿ ಬೆಳಗಿನ ತಂಪಿನಲ್ಲೇ ಐಸ್ ಡಬ್ಬಿ ಹಿಡಿದು ಮನೆಯಿಂದ ಮನೆಗೆ ಓಡುತ್ತೇವೆ.