ಮಗಳು ಕೇಳಿದ ಮಾತು

ಇದು ಬೆಳಗಾವಿಯ ಅನಗೋಳ. ಸಂಜೆಯ ಹೊತ್ತು. ಅಡಿಗೆ ಮುಗಿಸಿ ತಾಯಂದಿರು ಓದಲು ಬಂದಿದ್ದರು. ಒಬ್ಬ ತಾಯಿ ಮಾತ್ರ ಪುಸ್ತಕ ಬಿಚ್ಚಲಿಲ್ಲ.

“ಯಾಕ್ರೀ ಅವ್ವಾರ, ಸುಮ್ಮನ ಕುಂತೀರಿ?” ಎಂದು ಕೇಳಿದೆವು.

“ಏನ್ ಹೇಳ್ಲಿ ಅಕ್ಕೋರ? ಮಗಳು ಒಂಬತ್ತನೇ ಇಯತ್ತೆ ಕಲೀತಾಳ. ಇವತ್ತ ಸಾಲಿಯಿಂದ ಬಂದು, ‘ಅವ್ವಾ, ಎಚ್‌ಐವಿ ಅಂದ್ರ ಏನು?’ ಅಂದ್ಲು. ‘ಇಂಥಾ ಮಾತು ಬಾಯಾಗ ತರಬ್ಯಾಡ’ ಅಂತ ಬೈದೆ. ಅಕಿ ಅತ್ತಳ್ರೀ.”

ಹುಡುಗಿ ಯಾಕೆ ಕೇಳಿದಳು? ಅವಳಿಗೆ ಒಬ್ಬ ಗೆಳತಿ ಇದ್ದಾಳೆ. ಗೆಳತಿಯ ತಂದೆಗೆ ಎಚ್‌ಐವಿ ಇದೆ ಎಂದು ಯಾರೋ ಗುಲ್ಲೆಬ್ಬಿಸಿದರು. ಅಂದಿನಿಂದ ಆ ಗೆಳತಿಯ ಬದಿಗೆ ಯಾರೂ ಕೂಡುವುದಿಲ್ಲ. ಅವಳ ಜೊತೆ ಉಣ್ಣುವುದಿಲ್ಲ. ಅವಳು ಶಾಲೆ ಬಿಡುತ್ತೇನೆ ಅನ್ನುತ್ತಿದ್ದಾಳೆ.

ನೋಡಿದಿರಾ? ನಾವು ತಿಳಿಯದೆ ಹೆದರಿದರೆ ಒಬ್ಬ ಹುಡುಗಿಯ ಓದೇ ನಿಲ್ಲುತ್ತದೆ. ಅಂದು ನಾವು ಇದನ್ನೇ ಪಾಠ ಮಾಡಿದೆವು.

ಎಚ್‌ಐವಿ ಎಂದರೇನು?

ಎಚ್‌ಐವಿ ಒಂದು ವೈರಸ್. ಅಂದರೆ ಕಣ್ಣಿಗೆ ಕಾಣದ ರೋಗಾಣು. ಇದು ದೇಹದ ರೋಗ ತಡೆಯುವ ಶಕ್ತಿಯನ್ನು ಮೆಲ್ಲಗೆ ಕುಗ್ಗಿಸುತ್ತದೆ. ಔಷಧ ಮಾಡದೆ ಬಿಟ್ಟರೆ ಹಲವು ವರ್ಷಗಳ ಮೇಲೆ ಏಡ್ಸ್ ಆಗುತ್ತದೆ. ಮುಖ ನೋಡಿ ಎಚ್‌ಐವಿ ಇದೆ ಎಂದು ಹೇಳಲು ಬರುವುದಿಲ್ಲ. ರಕ್ತ ಪರೀಕ್ಷೆಯಿಂದಲೇ ತಿಳಿಯುತ್ತದೆ.

ಹೇಗೆ ಹರಡುತ್ತದೆ?

1. ಸೋಂಕು ಇದ್ದವರ ಜೊತೆ ನಿರೋಧ್ ಬಳಸದೆ ಲೈಂಗಿಕ ಸಂಬಂಧ ಮಾಡಿದರೆ.
2. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಿದರೆ.
3. ಸೋಂಕು ಇರುವ ರಕ್ತ ಪಡೆದರೆ.
4. ಸೋಂಕು ಇದ್ದ ತಾಯಿಯಿಂದ ಮಗುವಿಗೆ. ಬಸಿರಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಿಂದ.

ಹೇಗೆ ಹರಡುವುದಿಲ್ಲ?

ಕೈ ಹಿಡಿದರೆ ಬರುವುದಿಲ್ಲ. ಕೂಡಿ ಉಂಡರೆ ಬರುವುದಿಲ್ಲ. ಒಂದೇ ನಳದ ನೀರು ಕುಡಿದರೆ, ಒಂದೇ ಪಾಯಖಾನೆ ಬಳಸಿದರೆ ಬರುವುದಿಲ್ಲ. ಕೆಮ್ಮಿದರೆ ಬರುವುದಿಲ್ಲ. ಸೊಳ್ಳೆ ಕಚ್ಚಿದರೂ ಬರುವುದಿಲ್ಲ.

“ಹಂಗಾರ ಆ ಹುಡುಗಿ ಬದಿಗೆ ಕುಂತ್ರ ಏನೂ ಆಗೂದಿಲ್ಲೇನ್ರಿ?” ಎಂದು ಆ ತಾಯಿ ಕೇಳಿದರು.

“ಏನೂ ಆಗೂದಿಲ್ರೀ. ಅವರ ತಂದೆಗೆ ಐತೋ ಇಲ್ಲೋ, ಅದು ನಮಗ ಬೇಕಾಗಿಲ್ಲ” ಎಂದೆವು.

ಔಷಧ ಇದೆ

ನಮ್ಮ ದೇಶದಲ್ಲಿ ಎಚ್‌ಐವಿ 1986ರಲ್ಲಿ ಚೆನ್ನೈಯಲ್ಲಿ ಮೊದಲು ಪತ್ತೆಯಾಯಿತು. ಮುಂದೆ ನಮ್ಮ ಬೆಳಗಾವಿ ಜಿಲ್ಲೆಯಲ್ಲೂ ಬಹಳ ಜನರಿಗೆ ತಗಲಿತು. ಆಗ ಔಷಧ ಬಡವರ ಕೈಗೆ ಎಟುಕುತ್ತಿರಲಿಲ್ಲ. 2004ರಿಂದ ಸರಕಾರ ಎಆರ್‌ಟಿ ಗುಳಿಗೆಗಳನ್ನು ಪುಕ್ಕಟೆ ಕೊಡುತ್ತಿದೆ. ಇದರಿಂದ ಸೋಂಕು ಪೂರ್ತಿ ಹೋಗುವುದಿಲ್ಲ. ಆದರೆ ದಿನಾ ತಪ್ಪದೆ ನುಂಗಿದರೆ ಬಹಳ ವರ್ಷ ಗಟ್ಟಿಯಾಗಿ ಬಾಳಬಹುದು. ಬಸುರಿ ಹೆಣ್ಣುಮಗಳು ಔಷಧ ತೆಗೆದುಕೊಂಡರೆ ಮಗುವಿಗೆ ಸೋಂಕು ತಗಲುವುದು ಬಹಳ ಕಡಿಮೆ.

ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ, ಖಾನಾಪುರದಂಥ ತಾಲೂಕಾ ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆ ಪುಕ್ಕಟೆ. ಹೆಸರು ಗುಟ್ಟಾಗಿ ಇಡುತ್ತಾರೆ. ಫೋನಿನಲ್ಲಿ ಕೇಳಬೇಕಾದರೆ 1097ಕ್ಕೆ ಮಾಡಿರಿ. ಅದಕ್ಕೆ ದುಡ್ಡು ಬೇಡ.

ಎಚ್‌ಐವಿ ಇದೆ ಎಂದು ಶಾಲೆಯಲ್ಲಿ, ನೌಕರಿಯಲ್ಲಿ, ಆಸ್ಪತ್ರೆಯಲ್ಲಿ ಭೇದ ಮಾಡಬಾರದು. ಇದಕ್ಕೆ 2017ರಲ್ಲಿ ಕಾನೂನು ಆಗಿದೆ.

ಮಕ್ಕಳಿಗೆ ಹೇಳುವುದು ಹೇಗೆ?

“ವಯಸ್ಸಿಗೆ ಬಂದ ಮಕ್ಕಳ ಮುಂದ ಹ್ಯಾಂಗ ಹೇಳೂದ್ರಿ? ನಾಚಿಕಿ ಬರತೈತಿ” ಎಂದರು ಇನ್ನೊಬ್ಬರು.

ನಾಚಿಕೆ ನಮಗೂ ಬರುತ್ತದೆ. ಆದರೆ ಮಗಳು ದೊಡ್ಡವಳಾದಾಗ ಮುಟ್ಟಿನ ಬಗ್ಗೆ ನಾವೇ ಹೇಳುತ್ತೇವಲ್ಲ? ಇದನ್ನೂ ಹಾಗೆಯೇ ಹೇಳಬೇಕು. ಗಂಡುಮಕ್ಕಳಿಗೂ ಹೇಳಬೇಕು. ನಾವು ಹೇಳದಿದ್ದರೆ ಓಣಿಯವರು ಹೇಳುತ್ತಾರೆ, ಮೊಬೈಲು ಹೇಳುತ್ತದೆ. ಅದು ಖರೆಯೋ ಸುಳ್ಳೋ ಯಾರು ಬಲ್ಲರು? ಬೈದರೆ ಮಕ್ಕಳು ಕೇಳುವುದನ್ನು ಬಿಡುತ್ತಾರೆ. ನಾಳೆ ಯಾರಾದರೂ ಅವರ ಮೇಲೆ ಜುಲುಮೆ ಮಾಡಿದರೂ ನಮಗೆ ಹೇಳುವುದಿಲ್ಲ.

ಅಂದು ರಾತ್ರಿ ಆ ತಾಯಿ ಮಗಳನ್ನು ಬದಿಗೆ ಕೂಡಿಸಿಕೊಂಡು ಎಲ್ಲ ಹೇಳಿದರು. ಮರುದಿನ ಮಗಳು ಗೆಳತಿಯ ಜೊತೆ ಕೂಡಿ ಉಂಡಳು. ಉಳಿದ ಹುಡುಗಿಯರು ಇನ್ನೂ ದೂರವೇ ಕೂಡುತ್ತಾರೆ. ಅವರ ತಾಯಂದಿರಿಗೂ ನಾವು ಹೇಳಬೇಕು.

ಯೋಚಿಸಿರಿ, ಉತ್ತರ ಹೇಳಿರಿ

1. ಎಚ್‌ಐವಿ ಹರಡುವ ನಾಲ್ಕು ದಾರಿಗಳು ಯಾವುವು?
2. ಕೂಡಿ ಉಂಡರೆ ಎಚ್‌ಐವಿ ಬರುತ್ತದೆಯೇ?
3. ನಿಮ್ಮ ಮಗ ಅಥವಾ ಮಗಳು ಕೇಳಿದರೆ ಮೊದಲು ಏನು ಹೇಳುವಿರಿ?